ಹಳೆಯ ಮನುಷ್ಯ, ಹೊಸ ಮನುಷ್ಯ

ಒಳ್ಳೆಯದು ಯಾವುದೆಂದು ಬಲ್ಲ ಮನುಷ್ಯನು ಕೆಟ್ಟದ್ದನ್ನೇ ಮಾಡುವುದೇಕೆ ಎಂಬ ಪ್ರಶ್ನೆ ಬಹು ಹಳೆಯದು. ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನನು ಇದನ್ನೇ ಕೇಳಿ, ಕಾಮಕ್ರೋಧಗಳೇ ಕಾರಣವೆಂಬ ಉತ್ತರವನ್ನು ಪಡೆದನು. ಯವನ ದೇಶದ ಸಾಕ್ರಟೀಸನು ಅಜ್ಞಾನವೇ ಕೆಡುಕಿನ ಮೂಲವೆಂದು ಬಗೆದನು. ಆದರೆ ಅವನ ಪರಂಪರೆಯಲ್ಲಿಯೇ ಬಂದ ಅರಿಸ್ಟಾಟಲನು, ತಿಳಿವಳಿಕೆಯಿದ್ದೂ ಮನಸ್ಸು ಸೋಲುವುದುಂಟೆಂದು ಒಪ್ಪಿಕೊಂಡು, ಆ ಸೋಲನ್ನು ಬೇರೆಯಾಗಿಯೇ ವಿಚಾರಮಾಡಬೇಕಾಯಿತು. ಗ್ರಂಥಗಳ ಮಾತು ಹಾಗಿರಲಿ. ಬೆಳಗ್ಗೆ ಮಾಡಿದ ಸಂಕಲ್ಪವು ಸಂಜೆಯೊಳಗಾಗಿ ಸಡಿಲುವುದನ್ನು ನಾವೆಲ್ಲರೂ ನಮ್ಮ ನಮ್ಮ ಮನೆಗಳಲ್ಲಿಯೇ ಕಂಡಿದ್ದೇವೆ. ಇನ್ನು ಮೇಲೆ ಸಿಟ್ಟುಮಾಡಬಾರದೆಂದು ನಿಶ್ಚಯಿಸಿಕೊಂಡವನು, ಕಾಫಿ ತಣ್ಣಗಾಯಿತೆಂಬ ಅಲ್ಪ ಕಾರಣಕ್ಕೆ ಮನೆಯವರ ಮೇಲೆ ಹರಿಹಾಯುತ್ತಾನೆ. ಸಿಟ್ಟು ಇಳಿದ ಮೇಲೆ ಪಶ್ಚಾತ್ತಾಪ ಪಡುತ್ತಾನೆ. ಮರುದಿನ ಮತ್ತೆ ಅದೇ ಕಥೆ.

ಈ ಪ್ರಶ್ನೆಗೆ ಕ್ರೈಸ್ತಧರ್ಮವು ಕೊಟ್ಟಿರುವ ಉತ್ತರವೇನೆಂಬುದನ್ನು ಇಂದು ವಿಚಾರಮಾಡೋಣ. ದೇವರು ಪಾಪಗಳನ್ನು ಕ್ಷಮಿಸುತ್ತಾನೆ ಎಂಬ ಮಾತು ಆ ಮತದ ಹೊರಗಿನವರಿಗೂ ಪರಿಚಿತವಾದದ್ದೇ. ಆದರೆ ಕ್ಷಮೆಯೊಂದರಿಂದಲೇ ಪ್ರಶ್ನೆ ಬಗೆಹರಿಯುವುದಿಲ್ಲ. ಯಾರೋ ಪುಣ್ಯಾತ್ಮರು ಸಾಲವನ್ನು ತೀರಿಸಿದ ಮಾತ್ರಕ್ಕೆ ದುಂದುಗಾರನು ಮಿತವ್ಯಯಿಯಾಗುತ್ತಾನೆಯೆ? ಮಾಡಿದ ಪಾಪಕ್ಕೆ ಕ್ಷಮೆ ದೊರೆತರೂ, ಪಾಪವನ್ನು ಮಾಡಿಸಿದ ಸ್ವಭಾವವು ಒಳಗೇ ಇದೆಯಷ್ಟೆ. ಅದಕ್ಕೇನು ಮಾಡಬೇಕು? ಈ ಎರಡನೆಯ ಪ್ರಶ್ನೆಗೆ ಉತ್ತರವಾಗಿ ಬಂದದ್ದೇ ಹಳೆಯ ಮನುಷ್ಯ, ಹೊಸ ಮನುಷ್ಯ ಎಂಬ ವಿಚಾರ. ಅದನ್ನು ಮೊದಲು ವಿಸ್ತಾರವಾಗಿ ನಿರೂಪಿಸಿದವನು ಪೌಲನು.

ಪೌಲನು ಏಷ್ಯಾ ಮೈನರಿನ ಕಿಲಿಕ್ಯ ಪ್ರಾಂತದ ತಾರ್ಸವೆಂಬ ಪಟ್ಟಣದವನು, ಕುಲದಿಂದ ಯೆಹೂದ್ಯನು, ಗುಡಾರಗಳನ್ನು ಮಾಡುವ ಕಸುಬನ್ನು ಬಲ್ಲವನು. ಧರ್ಮಶಾಸ್ತ್ರದ ಆಚರಣೆಯಲ್ಲಿ ಬಹು ಕಟ್ಟುನಿಟ್ಟಾದ ಫರಿಸಾಯರ ಪಂಥಕ್ಕೆ ಸೇರಿದವನು. ಕ್ರಿಸ್ತನ ಅನುಯಾಯಿಗಳನ್ನು ಹಿಡಿದು ಸೆರೆಗೆ ಹಾಕಿಸುತ್ತಿದ್ದವನೇ ಮುಂದೆ ಕ್ರಿಸ್ತನ ದೂತನಾಗಿ ಊರೂರು ತಿರುಗಿದನು. ಸುಮಾರು ಕ್ರಿ.ಶ. 57ರಲ್ಲಿ, ಕೊರಿಂಥ ಪಟ್ಟಣದಲ್ಲಿದ್ದಾಗ, ತಾನು ಇನ್ನೂ ಕಣ್ಣಾರೆ ನೋಡದಿದ್ದ ರೋಮಾಪುರದ ಕ್ರೈಸ್ತರಿಗೆ ಗ್ರೀಕ್ ಭಾಷೆಯಲ್ಲಿ ಒಂದು ಪತ್ರವನ್ನು ಬರೆಯಿಸಿದನು. ಅವನು ಹೇಳುತ್ತ ಹೋದಂತೆ ಬರೆದುಕೊಂಡವನು ತೆರ್ತ್ಯನೆಂಬ ಲಿಪಿಕಾರನು. ಆ ಪತ್ರದ ಆರನೆಯ, ಏಳನೆಯ ಮತ್ತು ಎಂಟನೆಯ ಅಧ್ಯಾಯಗಳೇ ನಮ್ಮ ವಿಷಯಕ್ಕೆ ಮುಖ್ಯವಾದ ಆಧಾರ.

ಪೌಲನ ವಿಚಾರಸರಣಿಯನ್ನು ಹಿಡಿಯಬೇಕಾದರೆ ಒಂದು ಶಬ್ದವನ್ನು ಮೊದಲು ತಿಳಿಯಬೇಕು. ಮನುಷ್ಯನನ್ನು ಪಾಪದ ಕಡೆಗೆ ಎಳೆಯುವ ಪ್ರವೃತ್ತಿಗೆ ಅವನು ಕೊಟ್ಟ ಗ್ರೀಕ್ ಹೆಸರು ‘ಸಾರ್ಕ್ಸ್’ ಎಂದು. ಅದರ ನೇರವಾದ ಅರ್ಥ ಮಾಂಸ. ಈ ಅರ್ಥವನ್ನು ಹಾಗೆಯೇ ಇಟ್ಟುಕೊಂಡರೆ, ದೇಹವೇ ಪಾಪದ ಮೂಲ, ದೇಹದಂಡನೆಯೇ ಅದಕ್ಕೆ ಮದ್ದು ಎಂಬ ಭ್ರಾಂತಿಗೆ ಎಡೆಯಾಗುವುದು. ಯೂರೋಪಿನಲ್ಲಿ ಅನೇಕರಿಗೆ ಹಾಗೆ ಆದದ್ದೂ ಉಂಟು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸನ ಕಾಲದಿಂದ ಕನ್ನಡ ಬೈಬಲ್ ಹಲವು ಕೈಗಳಲ್ಲಿ ತಿದ್ದುಪಡಿ ಹೊಂದುತ್ತ ಬಂದಿದೆ. ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಪಾಠದಲ್ಲಿ ಈ ಸ್ಥಳಗಳಲ್ಲಿ ಕಾಣುವ ಮಾತು ‘ಶರೀರಭಾವ’ ಎಂಬುದು. ಇದು ಬಹು ಉಚಿತವಾದ ಮಾತು. ದೋಷವಿರುವುದು ಶರೀರದಲ್ಲಲ್ಲ, ಭಾವದಲ್ಲಿ. ದೇವರನ್ನು ಬಿಟ್ಟು ತನ್ನನ್ನೇ ಕೇಂದ್ರವಾಗಿ ಮಾಡಿಕೊಂಡು ಬಾಳುವ ಮನೋಧರ್ಮದಲ್ಲಿ. ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಶರೀರಭಾವದ ಕೆಲಸಗಳನ್ನು ಎಣಿಸುವಾಗ ಕುಡಿತ, ವ್ಯಭಿಚಾರಗಳ ಜೊತೆಗೆ ಹಗೆತನ, ಮತ್ಸರ, ಪಕ್ಷಭೇದಗಳನ್ನೂ ಸೇರಿಸಿದ್ದಾನೆ. ಮತ್ಸರಪಡಲು ಮಾಂಸದ ಅವಶ್ಯಕತೆಯೇನಿದೆ? ಆದುದರಿಂದ ಅವನ ಅಭಿಪ್ರಾಯವು ದೇಹದ್ವೇಷವಲ್ಲವೆಂಬುದು ಸ್ಪಷ್ಟ.

ಈ ಭಾವಕ್ಕೆ ಅಧೀನನಾಗಿ ಬಾಳುವವನೇ ಹಳೆಯ ಮನುಷ್ಯ. ಇವನನ್ನು ತಿದ್ದಿ ತೀಡಿ ಒಳ್ಳೆಯವನನ್ನಾಗಿ ಮಾಡಬಹುದೆಂದು ಪೌಲನು ನಂಬಲಿಲ್ಲ. ಗೋಡೆಗೆ ಸುಣ್ಣ ಬಳಿದರೆ ಒಳಗಿನ ಗೆದ್ದಲು ಹೋಗುವುದಿಲ್ಲ. ಹಳೆಯ ಮನುಷ್ಯನು ಸಾಯಬೇಕು, ಹೊಸಬನು ಹುಟ್ಟಬೇಕು. ಇದು ಅವನ ನಿರ್ಣಯ. ಸಾಯುವುದು ಹೇಗೆ? ಇಲ್ಲಿಯೇ ಕ್ರೈಸ್ತರ ವಿಶಿಷ್ಟವಾದ ನಂಬಿಕೆ ಬರುತ್ತದೆ. ಕ್ರಿಸ್ತನು ಶಿಲುಬೆಯ ಮೇಲೆ ಸತ್ತು ಮೂರನೆಯ ದಿನ ಎದ್ದುಬಂದನೆಂಬುದು ಅವರ ಶ್ರದ್ಧೆ. ವಿಶ್ವಾಸದಿಂದ ಕ್ರಿಸ್ತನೊಡನೆ ಒಂದಾದವನು ಆ ಮರಣದಲ್ಲಿಯೂ ಆ ಪುನರುತ್ಥಾನದಲ್ಲಿಯೂ ಪಾಲುಗಾರನಾಗುತ್ತಾನೆ. ಅವನ ಪೂರ್ವಸ್ವಭಾವವು ಅಲ್ಲಿಯೇ ಶಿಲುಬೆಗೇರಿತು. ಈಗ ಬದುಕಿರುವವನು ಬೇರೆಯವನು, ಒಂದು ಹೊಸ ಸೃಷ್ಟಿ. ದೀಕ್ಷಾಸ್ನಾನವು ಇದರ ಕುರುಹು. ನೀರಿನಲ್ಲಿ ಮುಳುಗುವುದು ಹೂಳಿಸಿಕೊಳ್ಳುವುದಕ್ಕೆ ಸಮ, ಮೇಲಕ್ಕೆ ಏಳುವುದು ಹೊಸ ಹುಟ್ಟಿಗೆ ಸಮ.

ಪ್ರಾಚೀನ ಸಭೆಯವರು ಈ ಅರ್ಥವನ್ನು ಕಣ್ಣಿಗೆ ಕಾಣುವಂತೆ ನಡೆಸಿ ತೋರಿಸುತ್ತಿದ್ದರು. 4ನೆಯ ಶತಮಾನದಲ್ಲಿ ಜೆರೂಸಲೇಮಿನ ಬಿಷಪ್ ಆಗಿದ್ದ ಸಿರಿಲನ ಹೆಸರಿನಲ್ಲಿ ಕೆಲವು ಉಪನ್ಯಾಸಗಳು ಉಳಿದುಬಂದಿವೆ. ಅವುಗಳಲ್ಲಿ ಈ ವಿಧಿಯ ವಿವರಣೆಯಿದೆ. ದೀಕ್ಷೆ ಪಡೆಯುವವನು ಮೊದಲು ಕತ್ತಲೆಯ ದಿಕ್ಕಾದ ಪಶ್ಚಿಮಕ್ಕೆ ಮುಖಮಾಡಿ ನಿಂತು, ಸೈತಾನನನ್ನು ಎದುರಿಗೇ ಕಂಡಂತೆ, ನಿನ್ನ ಸಂಬಂಧ ತೀರಿತೆಂದು ಸಾರುತ್ತಿದ್ದನು. ಆಮೇಲೆ ಬೆಳಕಿನ ದಿಕ್ಕಾದ ಪೂರ್ವಕ್ಕೆ ತಿರುಗಿ ತನ್ನ ವಿಶ್ವಾಸವನ್ನು ನುಡಿಯುತ್ತಿದ್ದನು. ಉಟ್ಟ ಬಟ್ಟೆಯನ್ನು ಕಳಚಿ, ತೈಲಾಭ್ಯಂಗವಾಗಿ, ನೀರಿಗಿಳಿದು ಮೂರು ಸಾರಿ ಮುಳುಗಿ ಏಳುತ್ತಿದ್ದನು. ಹೀಗೆ ದೀಕ್ಷಿತರಾದವರಿಗೆ ಬಿಳಿಯ ವಸ್ತ್ರವನ್ನು ಉಡಿಸುವುದು ಆ ಕಾಲದ ಪದ್ಧತಿ. ಉಪನಯನವಾದವನನ್ನು ದ್ವಿಜನೆಂದು ಕರೆಯುವ ನಮ್ಮ ದೇಶದಲ್ಲಿ ಎರಡನೆಯ ಹುಟ್ಟು ಎಂಬ ಮಾತು ಯಾರಿಗೂ ಹೊಸದಾಗಿ ಕೇಳುವುದಿಲ್ಲ. ಆದರೆ ಈ ಹುಟ್ಟಿಗೆ ವರ್ಣದ ಕಟ್ಟಿಲ್ಲ, ವಯಸ್ಸಿನ ಕಟ್ಟಿಲ್ಲ, ಗಂಡು ಹೆಣ್ಣೆಂಬ ಭೇದವೂ ಇಲ್ಲ.

ಪೌಲನು ಬೇರೆ ಎರಡು ದೃಷ್ಟಾಂತಗಳನ್ನೂ ಕೊಟ್ಟಿದ್ದಾನೆ. ಒಂದು, ಗುಲಾಮನು ಒಡೆಯನನ್ನು ಬದಲಿಸುವುದು. ರೋಮಾಪುರದಲ್ಲಿ ಆ ಪತ್ರವನ್ನು ಓದಿಸಿ ಕೇಳಿದವರಲ್ಲಿ ಗುಲಾಮರೂ, ಗುಲಾಮಗಿರಿಯಿಂದ ಬಿಡುಗಡೆಯಾದವರೂ ಇದ್ದಿರಬೇಕು; ಒಡೆಯನೆಂದರೇನೆಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿರಲಿಲ್ಲ. ಪಾಪವು ಹಳೆಯ ಒಡೆಯ. ಅವನು ಕೊಡುವ ಸಂಬಳ ಮರಣ. ಮಾರಾಟವಾಗಿ ಬೇರೆಯ ಮನೆ ಸೇರಿದ ಆಳನ್ನು ಹಳೆಯ ಒಡೆಯನು ಬೀದಿಯಲ್ಲಿ ಕಂಡು ಗದರಿಸಬಹುದು. ಹಳೆಯ ಅಭ್ಯಾಸದಿಂದ ಆಳಿನ ಕಾಲು ನಡುಗಲೂ ಬಹುದು. ಆದರೆ ಅವನ ಮಾತನ್ನು ನಡೆಸಬೇಕಾದ ಕಟ್ಟು ಈಗಿಲ್ಲ.

ಇನ್ನೊಂದು ದೃಷ್ಟಾಂತ ದತ್ತುಸ್ವೀಕಾರ. ರೋಮನರಲ್ಲಿ ದತ್ತುವಾಗಿ ಹೋದವನು ಹೊಸ ತಂದೆಯ ಹೆಸರನ್ನೂ ದಾಯಾಧಿಕಾರವನ್ನೂ ಪಡೆಯುತ್ತಿದ್ದನು. ಕ್ರಿ.ಪೂ. 44ರಲ್ಲಿ ಕೊಲೆಯಾದ ಜೂಲಿಯಸ್ ಸೀಸರನು ತನ್ನ ಮರಣಶಾಸನದಲ್ಲಿ ಆಕ್ಟೇವಿಯಸ್ ಎಂಬ ಯುವಕನನ್ನು ದತ್ತುಪುತ್ರನೆಂದು ಬರೆದಿಟ್ಟಿದ್ದನು; ಆ ಯುವಕನು ಅಂದಿನಿಂದ ಸೀಸರನೆಂಬ ಹೆಸರನ್ನೇ ತಾಳಿ ಕಡೆಗೆ ಸಾಮ್ರಾಜ್ಯವನ್ನು ಆಳಿದನು. ನಮ್ಮಲ್ಲಿಯೂ ದತ್ತುಹೋಮವಾದೊಡನೆ ಮಗುವಿನ ಗೋತ್ರ ಬದಲಾಗುತ್ತದೆಯಲ್ಲವೆ? ಆ ಕ್ಷಣದಲ್ಲಿ ಮಗುವಿನ ಮುಖವಾಗಲಿ ಮಾತಾಗಲಿ ಹಟವಾಗಲಿ ಬದಲಾಗುವುದಿಲ್ಲ. ಹೊಸ ಮನೆಯ ರೀತಿನೀತಿಗಳನ್ನು ಅದು ಇನ್ನು ಮೇಲೆ ಕಲಿಯಬೇಕು. ಆದರೂ ಅಂದೇ ಅದು ಆ ಮನೆಯ ಮಗು. ರೀತಿಯನ್ನು ಕಲಿತ ಮೇಲೆ ಗೋತ್ರವನ್ನು ಕೊಡುವುದಿಲ್ಲ. ಗೋತ್ರವನ್ನು ಕೊಟ್ಟ ಮೇಲೆ ರೀತಿಯನ್ನು ಕಲಿಸುತ್ತಾರೆ.

ಈ ಪೂರ್ವಾಪರಕ್ರಮದಲ್ಲಿಯೇ ಪೌಲನ ಬೋಧೆಯ ಮರ್ಮವಿದೆ. ನೀತಿಬೋಧಕರು ಸಾಮಾನ್ಯವಾಗಿ ಹೇಳುವುದು, ಹೀಗೆ ನಡೆ, ನಡೆದರೆ ಇಂಥವನಾಗುವೆ ಎಂದು. ಪೌಲನು ಹೇಳುವುದು, ನೀನು ಇಂಥವನಾಗಿದ್ದೀಯೆ, ಆದುದರಿಂದ ಹೀಗೆ ನಡೆ ಎಂದು. ಅವನ ಪತ್ರಗಳಲ್ಲಿ ಆಗಿರುವ ಸಂಗತಿಯನ್ನು ತಿಳಿಸುವ ವಾಕ್ಯಗಳು ಮೊದಲು ಬರುತ್ತವೆ; ವಿಧಿಸುವ ವಾಕ್ಯಗಳು ಆಮೇಲೆ ಬರುತ್ತವೆ; ‘ಆದುದರಿಂದ’ ಎಂಬ ಮಾತು ಅವೆರಡನ್ನೂ ಬೆಸೆಯುತ್ತದೆ. ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ, ಪಾಪದ ಪಾಲಿಗೆ ಸತ್ತವರೆಂದು ನಿಮ್ಮನ್ನು ನೀವೇ ಎಣಿಸಿಕೊಳ್ಳಿ ಎಂಬ ಅಭಿಪ್ರಾಯವನ್ನು ಹೇಳುವಾಗ ಅವನು ಉಪಯೋಗಿಸಿದ ಗ್ರೀಕ್ ಪದವು ಲೆಕ್ಕಪತ್ರದವರ ಬಳಕೆಯಲ್ಲಿಯೂ ಇದ್ದದ್ದು. ಲೆಕ್ಕ ಬರೆಯುವವನು ಇಲ್ಲದ ಹಣವನ್ನು ಕಲ್ಪಿಸಿಕೊಂಡು ಬರೆಯುವಂತಿಲ್ಲ. ಬಂದ ಹಣವನ್ನು ಬರೆಯದೆ ಬಿಡುವಂತೆಯೂ ಇಲ್ಲ. ಹಾಗೆಯೇ ಇದು ತನ್ನನ್ನು ತಾನು ನಂಬಿಸಿಕೊಳ್ಳುವ ಆಟವಲ್ಲ. ಆಗಿಹೋದ ಸಂಗತಿಯನ್ನು ತನ್ನ ಖಾತೆಗೆ ಬರೆದುಕೊಂಡು ಅದರಂತೆ ವ್ಯವಹರಿಸುವುದು.

ಇದರಿಂದ ಆಗುವ ಪ್ರಯೋಜನವೇನೆಂದು ಕೇಳಬಹುದು. ನಾನು ಹುಟ್ಟಾ ಮುಂಗೋಪಿ ಎಂದು ನಂಬಿದವನಿಗೆ ತಾಳ್ಮೆಯು ವೇಷವಾಗಿಯೂ ಸಿಟ್ಟು ಸಹಜವಾಗಿಯೂ ತೋರುತ್ತದೆ. ವೇಷವನ್ನು ಯಾರೂ ಬಹಳ ಹೊತ್ತು ತೊಟ್ಟಿರಲಾರರು. ತಾಳ್ಮೆಯೇ ಈಗ ನನ್ನ ನಿಜಸ್ವಭಾವ, ಸಿಟ್ಟು ಸತ್ತವನ ಬಟ್ಟೆ ಎಂದು ಅರಿತವನಿಗೆ ಇದು ತಿರುಗುಮುರುಗಾಗುತ್ತದೆ. ಹೋರಾಟವು ನಿಲ್ಲುವುದಿಲ್ಲ, ಆದರೆ ಹೋರಾಡುವವನು ನಿಲ್ಲುವ ನೆಲ ಬದಲಾಗುತ್ತದೆ. ಗೆದ್ದರೆ ಮಗನಾದೇನು ಎಂದು ಹೋರಾಡುವವನಿಗೂ, ಮಗನಾಗಿರುವುದರಿಂದ ಹೋರಾಡುವವನಿಗೂ ಬಹಳ ಅಂತರವಿದೆ. ಮೊದಲನೆಯವನು ಒಂದು ಸಾರಿ ಸೋತರೆ ಎಲ್ಲವನ್ನೂ ಕಳೆದುಕೊಂಡೆನೆಂದು ಕುಸಿಯುತ್ತಾನೆ. ಎರಡನೆಯವನು ಎದ್ದು ಮೈ ಕೊಡವಿಕೊಂಡು ಮನೆಯ ಕಡೆಗೆ ನಡೆಯುತ್ತಾನೆ. ಇದರ ಜೊತೆಗೆ, ಈ ಹೊಸ ಬಾಳು ಮನುಷ್ಯನ ಸ್ವಂತ ಬಲದಿಂದ ನಡೆಯತಕ್ಕದ್ದಲ್ಲವೆಂದೂ, ದೇವರ ಆತ್ಮವು ಒಳಗೆ ನೆಲಸಿ ನಡೆಸುತ್ತದೆಂದೂ ಪೌಲನು ಎಂಟನೆಯ ಅಧ್ಯಾಯದಲ್ಲಿ ಒತ್ತಿ ಹೇಳಿದ್ದಾನೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಹೆಸರು ಮೊದಲೇ ದೊರೆತುಬಿಟ್ಟರೆ ನಡತೆಯ ಗೊಡವೆಯೇಕೆ? ಪಾಪ ಹೆಚ್ಚಿದಷ್ಟೂ ಕೃಪೆ ಹೆಚ್ಚುವುದಾದರೆ ಪಾಪವನ್ನೇ ಮಾಡುತ್ತಿರಬಹುದಲ್ಲವೆ? ಈ ಕುತರ್ಕವು ಪೌಲನ ಕಾಲದಲ್ಲಿಯೇ ಇದ್ದಿತು; ಆರನೆಯ ಅಧ್ಯಾಯವು ಇದಕ್ಕೆ ಉತ್ತರ ಕೊಡುವುದರಿಂದಲೇ ಆರಂಭವಾಗುತ್ತದೆ. ಸತ್ತವನು ಮತ್ತೆ ಅದೇ ಬಾಳನ್ನು ಬಾಳುವುದು ಹೇಗೆಂಬುದು ಅವನ ಮರುಪ್ರಶ್ನೆ. ಹೆಸರನ್ನು ಇಟ್ಟುಕೊಂಡು ಹಳೆಯ ಒಡೆಯನ ಚಾಕರಿಯನ್ನೇ ಸಂತೋಷದಿಂದ ಮಾಡುತ್ತಿರುವವನು ಹೆಸರಿನ ಅರ್ಥವನ್ನೇ ತಿಳಿದವನಲ್ಲ.

ಆದರೆ ಮನಃಪೂರ್ವಕವಾಗಿ ಹೋರಾಡಿಯೂ ಸೋಲುವವನ ಪಾಡೇನು? ಏಳನೆಯ ಅಧ್ಯಾಯದಲ್ಲಿ ಪೌಲನು ತನ್ನ ಬಾಯಿಂದಲೇ ಆ ಸಂಕಟವನ್ನು ಆಡಿಸಿದ್ದಾನೆ: ಬಯಸಿದ ಒಳ್ಳೆಯದು ಕೈಗೂಡದೆ, ಬೇಡವೆಂದ ಕೆಟ್ಟದ್ದೇ ಕೈಯಿಂದ ನಡೆಯುವ ಸಂಕಟ. ಇದು ಕ್ರೈಸ್ತನಾಗುವುದಕ್ಕೆ ಮೊದಲಿನ ಸ್ಥಿತಿಯೋ ಆದ ಮೇಲಿನ ಸ್ಥಿತಿಯೋ ಎಂಬ ವಿಷಯದಲ್ಲಿ ವ್ಯಾಖ್ಯಾನಕಾರರಿಗೆ ಇಂದಿಗೂ ಒಮ್ಮತವಿಲ್ಲ. ಉತ್ತರ ಆಫ್ರಿಕದ ಥಗಾಸ್ತೆಯಲ್ಲಿ 354ರಲ್ಲಿ ಹುಟ್ಟಿದ ಅಗಸ್ಟಿನ್ ಮೊದಲು ಇದನ್ನು ಪೂರ್ವಸ್ಥಿತಿಯೆಂದು ಅರ್ಥಮಾಡಿದ್ದನು. ಮುಂದೆ ಪೆಲಾಜಿಯಸನ ಮತದೊಡನೆ ವಾದ ನಡೆದ ಕಾಲದಲ್ಲಿ, ಭಕ್ತನಾದವನಿಗೂ ಇದು ತಪ್ಪಿದ್ದಲ್ಲವೆಂಬ ನಿಲವಿಗೆ ಬಂದನು. ಅವನ ಬಾಳೇ ಇದಕ್ಕೆ ಭಾಷ್ಯದಂತಿದೆ. 386ರಲ್ಲಿ ಮಿಲಾನ್ ನಗರದ ಒಂದು ತೋಟದಲ್ಲಿ, ಇಂದ್ರಿಯಸುಖವನ್ನು ಬಿಡಲೂ ಆರದೆ ಹಿಡಿಯಲೂ ಆರದೆ ಅಳುತ್ತಿದ್ದಾಗ, ಪೌಲನ ಇದೇ ಪತ್ರವನ್ನು ತೆರೆದು, ಕ್ರಿಸ್ತನನ್ನು ವಸ್ತ್ರದಂತೆ ಧರಿಸಿಕೊಳ್ಳಬೇಕೆಂಬ ಉಪದೇಶವಿರುವ ಸ್ಥಳವನ್ನು ಓದಿದನು. ಮನಸ್ಸು ಒಮ್ಮೆಗೇ ತಿಳಿಯಾಯಿತು. 387ರ ಈಸ್ಟರ್ ಹಬ್ಬದಲ್ಲಿ ಬಿಷಪ್ ಅಂಬ್ರೋಸನಿಂದ ದೀಕ್ಷಾಸ್ನಾನ ಪಡೆದನು. ಆಮೇಲೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಕಳೆದು, ಹಿಪ್ಪೊ ಪಟ್ಟಣದ ಬಿಷಪ್ ಆಗಿದ್ದಾಗ ಬರೆದ ‘ಕನ್‌ಫೆಷನ್ಸ್’ ಎಂಬ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ, ಊಟದ ರುಚಿ, ಸಂಗೀತದ ಇಂಪು, ಜನರ ಹೊಗಳಿಕೆ ಇವು ತನ್ನನ್ನು ಇನ್ನೂ ಹೇಗೆ ಎಳೆಯುತ್ತಿವೆಯೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ತೋಟದಲ್ಲಿ ಆದದ್ದು ಸುಳ್ಳಲ್ಲ. ಆದರೆ ಅದರಿಂದ ಹೋರಾಟ ಮುಗಿಯಲಿಲ್ಲ.

ಈ ಹೋರಾಟದ ವಿಧಾನವನ್ನು ತೋರಿಸುವಾಗ ಪೌಲನ ಪರಂಪರೆಯು ಬಟ್ಟೆಯ ಉಪಮೆಯನ್ನು ಹಿಡಿಯುತ್ತದೆ. ಕೊಲೊಸ್ಸೆಯವರಿಗೂ ಎಫೆಸದವರಿಗೂ ಬರೆದ ಪತ್ರಗಳಲ್ಲಿ ಹಳೆಯದನ್ನು ಕಳಚುವುದು, ಹೊಸದನ್ನು ತೊಡುವುದು ಎಂಬ ಎರಡು ಕ್ರಿಯೆಗಳು ಜೊತೆಯಾಗಿಯೇ ಬರುತ್ತವೆ. ಕಳ್ಳತನ ಮಾಡುತ್ತಿದ್ದವನು ಅದನ್ನು ಬಿಟ್ಟರೆ ಸಾಲದು. ಸ್ವಂತ ಕೈಗಳಿಂದ ದುಡಿದು, ಇಲ್ಲದವರಿಗೆ ಕೊಡುವಷ್ಟನ್ನು ಸಂಪಾದಿಸಬೇಕು. ಸುಳ್ಳಾಡುತ್ತಿದ್ದವನು ಮೌನಿಯಾದರೆ ಸಾಲದು, ನೆರೆಯವನೊಡನೆ ಸತ್ಯವನ್ನಾಡಬೇಕು. ಸಿಟ್ಟು ಬಂದರೆ ಹೊತ್ತು ಮುಳುಗುವುದರೊಳಗಾಗಿ ಅದನ್ನು ತೀರಿಸಿಕೊಳ್ಳಬೇಕು. ಎಂದರೆ, ಹಿಂದೆ ಕಿತ್ತುಕೊಳ್ಳುತ್ತಿದ್ದ ಕೈ ಇನ್ನು ಮುಂದೆ ಕೊಡುವುದನ್ನು ಕಲಿಯಬೇಕು. ಹೊಲವನ್ನು ಹಸನುಮಾಡಿ ಬಿತ್ತದೆ ಬಿಟ್ಟರೆ ಕಳೆಯೇ ಬೆಳೆಯುವುದೆಂಬುದು ಒಕ್ಕಲಿಗನಿಗೆ ಗೊತ್ತು.

ಇದೆಲ್ಲ ಸರಿಯೆ, ಆದರೆ ಇತಿಹಾಸದಲ್ಲಿ ಇದು ನಡೆದದ್ದುಂಟೆ ಎಂದು ಕೇಳುವವರಿಗೆ ಜಾನ್ ನ್ಯೂಟನ್ನನ ಚರಿತ್ರೆಯನ್ನು ಹೇಳಬೇಕು. ಸುಲಭವಾದ ಉತ್ತರವನ್ನು ಅದು ಕೊಡುವುದಿಲ್ಲವಾದುದರಿಂದಲೇ ಅದು ವಿಚಾರಯೋಗ್ಯವಾಗಿದೆ.

ನ್ಯೂಟನ್ 1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದನು. ತಂದೆ ಹಡಗಿನ ನಾಯಕನು. ದೈವಭಕ್ತಳಾದ ತಾಯಿ ಅವನ ಬಾಲ್ಯದಲ್ಲಿಯೇ ತೀರಿಕೊಂಡಳು. ಯೌವನದಲ್ಲಿ ಅವನನ್ನು ಬಲಾತ್ಕಾರವಾಗಿ ಯುದ್ಧನೌಕೆಯ ಚಾಕರಿಗೆ ಹಿಡಿದೊಯ್ದರು. ಅಲ್ಲಿಂದ ಓಡಿಹೋಗಲೆಳಸಿ, ಸಿಕ್ಕಿಬಿದ್ದು, ಛಡಿಯೇಟು ತಿಂದನು. ಕಡೆಗೆ ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ ಒಬ್ಬ ಗುಲಾಮವ್ಯಾಪಾರಿಯ ಕೈಕೆಳಗೆ ತಾನೇ ಗುಲಾಮನಂತೆ ಹಸಿವು ಅವಮಾನಗಳನ್ನು ಅನುಭವಿಸಿದನು. ನಾಸ್ತಿಕನೆಂದೂ ಬಾಯಿಬಡುಕನೆಂದೂ ನಾವಿಕರೇ ಹೇಸುವಂತಹ ನಾಲಗೆ ಅವನದು. ಊರಿಗೆ ಹಿಂದಿರುಗುತ್ತಿದ್ದಾಗ, 1748ರ ಮಾರ್ಚ್ ತಿಂಗಳಲ್ಲಿ, ‘ಗ್ರೇಹೌಂಡ್’ ಎಂಬ ಹಡಗು ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ ಒಡೆಯಿತು. ನೀರನ್ನು ಹೊರಚೆಲ್ಲುತ್ತ, ಚುಕ್ಕಾಣಿಯನ್ನು ಹಿಡಿದು ನಿಂತ ಆ ಹೊತ್ತಿನಲ್ಲಿ ಅವನ ಬಾಯಿಂದ ದೇವರ ಹೆಸರು ಹೊರಟಿತು. ಹಡಗು ಹೇಗೋ ಐರ್ಲೆಂಡಿನ ದಡ ಸೇರಿತು. ಆ ದಿನವನ್ನು ನ್ಯೂಟನ್ ಬದುಕಿರುವವರೆಗೂ ವರ್ಷ ವರ್ಷವೂ ನೆನೆಯುತ್ತಿದ್ದನು. ಬಯ್ಗುಳ ದೈವನಿಂದೆಗಳು ಅಂದೇ ಅವನ ನಾಲಗೆಯನ್ನು ಬಿಟ್ಟುಹೋದುವು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ನೋಡಿರಿ, ಪಾಪಿಯು ಸಂತನಾದನು ಎನ್ನುವವರುಂಟು. ಆದರೆ ಅನಂತರ ನಡೆದದ್ದನ್ನೂ ಹೇಳಬೇಕು. ಆ ಬಿರುಗಾಳಿಯ ಮೇಲೆಯೇ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗುಗಳ ಉದ್ಯೋಗದಲ್ಲಿ ಮೇಲೇರಿದನು. 1750ರಿಂದ 1754ರವರೆಗೆ ಮೂರು ಯಾತ್ರೆಗಳಲ್ಲಿ ತಾನೇ ನಾಯಕನಾಗಿದ್ದನು. ಭಾನುವಾರಗಳಲ್ಲಿ ಹಡಗಿನ ಮೇಲುಗಡೆ ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದನು. ಕೆಳಗಡೆ, ಮಗ್ಗುಲು ತಿರುಗಲೂ ಎಡೆಯಿಲ್ಲದಂತೆ ಸಾಲುಸಾಲಾಗಿ, ಸಂಕೋಲೆ ತೊಟ್ಟ ಆಫ್ರಿಕದ ಗಂಡಸರು ಬಿದ್ದಿರುತ್ತಿದ್ದರು. ದಂಗೆಯ ಸಂದೇಹದಿಂದ ಸೆರೆಯಾಳುಗಳ ಹೆಬ್ಬೆರಳುಗಳನ್ನು ತಿರುಪಿನಲ್ಲಿ ಸಿಕ್ಕಿಸಿ ಹಿಂಸಿಸಿದ ಸಂಗತಿಯನ್ನು ಅವನ ಹಡಗಿನ ದಿನಚರಿಯೇ ಹೇಳುತ್ತದೆ. 1754ರಲ್ಲಿ ಅವನು ಆ ಉದ್ಯೋಗವನ್ನು ಬಿಟ್ಟದ್ದಕ್ಕೂ ಕಾರಣ ಒಂದು ಕಾಯಿಲೆ, ಧರ್ಮಬುದ್ಧಿಯಲ್ಲ. ಲಿವರ್‌ಪೂಲಿನ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿದ್ದು, 1764ರಲ್ಲಿ ಪಾದ್ರಿಯಾಗಿ ಓಲ್ನಿ ಎಂಬ ಊರಿಗೆ ಹೋದನು. ಲೋಕಪ್ರಸಿದ್ಧವಾದ ‘ಅಮೇಜಿಂಗ್ ಗ್ರೇಸ್’ ಗೀತವನ್ನು 1773ರ ಹೊಸವರ್ಷದ ದಿನಕ್ಕಾಗಿ ಅಲ್ಲಿಯೇ ರಚಿಸಿದನು. ಗುಲಾಮರ ವ್ಯಾಪಾರವನ್ನು ಬಹಿರಂಗವಾಗಿ ಖಂಡಿಸಿ, ತನ್ನ ಪಾಲಿನ ಅಪರಾಧವನ್ನು ಒಪ್ಪಿಕೊಂಡು ಅವನು ಪುಸ್ತಿಕೆಯನ್ನು ಪ್ರಕಟಿಸಿದ್ದು 1788ರಲ್ಲಿ. ಬಿರುಗಾಳಿಗೂ ಪುಸ್ತಿಕೆಗೂ ನಡುವೆ 40 ವರ್ಷಗಳು.

ಈ 40 ವರ್ಷಗಳಿಗೆ ಏನು ಹೇಳೋಣ? ಹೊಸ ಮನುಷ್ಯನೆಂಬುದು ಬರಿಯ ಮಾತೆನ್ನೋಣವೆ? ಬಿರುಗಾಳಿಯಲ್ಲಿ ಆದದ್ದು ಪೂರ್ಣವಾದ ಪರಿವರ್ತನೆಯಲ್ಲ, ನಿಜವಾದ ಅರ್ಥದಲ್ಲಿ ತಾನು ವಿಶ್ವಾಸಿಯಾದದ್ದು ಬಹಳ ಕಾಲದ ಮೇಲೆ ಎಂದು ನ್ಯೂಟನ್ನನೇ ಮುಂದೆ ತನ್ನ ಚರಿತ್ರೆಯಲ್ಲಿ ಬರೆದುಕೊಂಡನು. ಆದರೆ ಪಾದ್ರಿಯಾದ ಮೇಲಿನ ವರ್ಷಗಳಿಗೆ ಈ ಸಮಾಧಾನ ಸಾಲದು. ನಮಗೆ ತೋರುವುದಿಷ್ಟು. ತನ್ನ ಕಣ್ಣಿಗೆ ಪಾಪವೆಂದು ಕಂಡದ್ದನ್ನು, ಉದಾಹರಣೆಗೆ ಕೆಟ್ಟ ನಾಲಗೆಯನ್ನು, ಅವನು ಬೇಗನೆ ಕಳಚಿದನು. ಕಾಲದ ರೂಢಿಯಾಗಿ, ಗೌರವಸ್ಥರ ಉದ್ಯೋಗವಾಗಿ, ಕಾಯಿದೆಯ ಸಮ್ಮತಿಯುಳ್ಳದ್ದಾಗಿ ಬಂದ ಪಾಪವು ಅವನಿಗೆ ಪಾಪವೆಂದೇ ಕಾಣಲಿಲ್ಲ. ಒಬ್ಬೊಬ್ಬನ ಮೈಗೆ ಅಂಟಿದ ಹಳೆಯ ಬಟ್ಟೆಯಂತೆ ಇಡೀ ಸಮಾಜವೇ ತೊಟ್ಟಿರುವ ಹಳೆಯ ಬಟ್ಟೆಯೂ ಒಂದುಂಟು. ಎಲ್ಲರೂ ತೊಟ್ಟಿರುವುದರಿಂದ ಅದು ಬಟ್ಟೆಯೆಂದೇ ತೋರದೆ ಚರ್ಮವೆಂದು ತೋರುತ್ತದೆ.

ಆದರೂ ಆ ಕಣ್ಣು ಕಡೆಗೆ ತೆರೆಯಿತೆಂಬುದೂ ಅಷ್ಟೇ ನಿಜ. ಮನುಷ್ಯನು ತನ್ನ ಒಳ್ಳೆಯತನದ ಮೇಲೆಯೇ ತನ್ನ ಹೆಸರನ್ನು ಕಟ್ಟಿಕೊಂಡಿದ್ದರೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಗೌರವಾನ್ವಿತನಾದ ಧರ್ಮಗುರುವಾಗಿರುವಾಗ, ತನ್ನ ಕೈಗಳು ನೆತ್ತರಿನ ವ್ಯಾಪಾರ ಮಾಡಿದುವೆಂದು ಲೋಕದೆದುರಿಗೆ ಒಪ್ಪಿಕೊಳ್ಳಲು ಎದೆ ಬರುವುದಿಲ್ಲ. ಒಪ್ಪಿಕೊಂಡರೆ ಕಟ್ಟಿದ್ದೆಲ್ಲವೂ ಬೀಳುತ್ತದೆ. ತನ್ನ ಹೆಸರು ತಾನು ಗಳಿಸಿದ್ದಲ್ಲ, ದೇವರು ಕೊಟ್ಟದ್ದು ಎಂದು ನಂಬಿದವನಿಗೆ ಆ ಭಯ ಕಡಿಮೆ. ನ್ಯೂಟನ್ ಒಪ್ಪಿಕೊಂಡನು, ಪಾರ್ಲಿಮೆಂಟಿನ ವಿಚಾರಣೆಯಲ್ಲಿ ಕಣ್ಣಾರೆ ಕಂಡದ್ದನ್ನು ಸಾಕ್ಷ್ಯವಾಗಿ ನುಡಿದನು. 1785ರಲ್ಲಿ ತನ್ನ ಬಳಿ ಸಲಹೆಗೆ ಬಂದ ತರುಣ ಸದಸ್ಯ ವಿಲಿಯಂ ವಿಲ್ಬರ್‌ಫೋರ್ಸನಿಗೆ ರಾಜಕಾರ್ಯವನ್ನು ಬಿಡದಂತೆ ಧೈರ್ಯ ಹೇಳಿದ್ದನು. ಆ ವಿಲ್ಬರ್‌ಫೋರ್ಸನ ಪ್ರಯತ್ನದಿಂದಲೇ 1807ರ ಮಾರ್ಚಿಯಲ್ಲಿ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಶಾಸನವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಟನ್ ತೀರಿಕೊಂಡನು.

ನ್ಯೂಟನ್ನನು ತಡವಾಗಿ ಕಲಿತ ಪಾಠವು ಪೌಲನ ಒಂದು ಚಿಕ್ಕ ಪತ್ರದಲ್ಲಿ ಆಗಲೇ ಇದ್ದಿತು. ಒನೇಸಿಮನೆಂಬ ಗುಲಾಮನೊಬ್ಬನು ತನ್ನ ಒಡೆಯನಾದ ಫಿಲೆಮೋನನಿಂದ ಅಗಲಿ, ಸೆರೆಯಲ್ಲಿದ್ದ ಪೌಲನ ಬಳಿ ಸೇರಿ ಕ್ರೈಸ್ತನಾದನು. ಅವನನ್ನು ಹಿಂದಕ್ಕೆ ಕಳುಹಿಸುವಾಗ ಪೌಲನು ಒಡೆಯನಿಗೆ ಬರೆದ ಒಕ್ಕಣೆಯ ಸಾರವಿಷ್ಟೆ: ಇವನನ್ನು ಗುಲಾಮನೆಂದು ನೋಡದೆ ಪ್ರಿಯ ಸಹೋದರನೆಂದು ಬರಮಾಡಿಕೊ, ಇವನಿಂದ ನಷ್ಟವೇನಾದರೂ ಆಗಿದ್ದರೆ ನನ್ನ ಲೆಕ್ಕಕ್ಕೆ ಬರೆ. ಒನೇಸಿಮ ಎಂದರೆ ಉಪಯುಕ್ತನು ಎಂದರ್ಥ. ಆ ಹೆಸರಿನ ಮೇಲೆ ಪೌಲನು ಸಣ್ಣದೊಂದು ವಿನೋದವನ್ನೂ ಮಾಡಿದ್ದಾನೆ. ಈ ಪತ್ರದಿಂದ ತಿಳಿಯುವುದೇನೆಂದರೆ, ಹೊಸ ಹೆಸರು ನನಗೊಬ್ಬನಿಗೇ ಬಂದ ಬಿರುದಲ್ಲ. ನಾನು ಹೊಸಬನಾದೆನೆಂಬುದಕ್ಕೆ ಪ್ರಮಾಣವು ಎದುರಿಗಿರುವವನನ್ನು ನಾನು ಕಾಣುವ ಬಗೆಯಲ್ಲಿದೆ. ನಮ್ಮ ದೇಶದ ಕ್ರೈಸ್ತ ಸಭೆಗಳಲ್ಲಿಯೂ ಜಾತಿಯ ಗೆರೆಗಳು ದೀಕ್ಷಾಸ್ನಾನದ ನೀರಿನಲ್ಲಿ ಸುಲಭವಾಗಿ ಅಳಿಸಿಹೋಗಲಿಲ್ಲವೆಂಬುದನ್ನು ಬಲ್ಲವರು, ಈ ಪರೀಕ್ಷೆ ಎಷ್ಟು ಕಠಿನವೆಂಬುದನ್ನೂ ಬಲ್ಲರು.

ಸಂಗ್ರಹವಾಗಿ ಹೇಳುವುದಾದರೆ, ಪಾಪಸ್ವಭಾವವನ್ನು ಗೆಲ್ಲುವುದಕ್ಕೆ ಕ್ರೈಸ್ತನು ಮೊದಲು ನೋಡಿಕೊಳ್ಳಬೇಕಾದದ್ದು ತನ್ನ ಸಂಕಲ್ಪದ ಬಲವನ್ನಲ್ಲ, ತಾನು ಯಾರ ಮಗನೆಂಬುದನ್ನು. ಆ ಅರಿವಿನಿಂದ ದಿನದಿನವೂ ಹಳೆಯದೊಂದನ್ನು ಕಳಚಿ ಹೊಸದೊಂದನ್ನು ತೊಡಬೇಕು. ಸೋತಾಗ ಹೆಸರು ಹೋಯಿತೆಂದು ಕಂಗೆಡಬಾರದು. ಗೆದ್ದಾಗ ಇನ್ನೂ ಕಾಣದಿರುವ ಪಾಪವೆಷ್ಟಿದೆಯೋ ಎಂಬ ಅಂಜಿಕೆಯನ್ನು ಬಿಡಬಾರದು. ದತ್ತುಹೋಮವು ಒಂದು ಮುಹೂರ್ತದಲ್ಲಿ ಮುಗಿಯುತ್ತದೆ. ಆ ಮನೆಯ ಮಗುವೆಂದು ನೋಡಿದವರು ಗುರುತಿಸುವಂತೆ ಬೆಳೆಯುವುದಕ್ಕೆ ಒಂದು ಆಯುಷ್ಯವೇ ಬೇಕಾಗುತ್ತದೆ.